ಮಗುಗೆ ಪದೇ ಪದೇ ಶೀತ ಆಗ್ತಿದ್ರೆ ಇಮ್ಯುನಿಟಿ ವೀಕ್ ಅಂತಾನಾ?

ಎರಡು ವರ್ಷದ ಮಗಳಿಗೆ ಒಂದು ಶೀತ ಹೋಗೋ ಮುಂಚೆ ಇನ್ನೊಂದು ಹಿಡ್ಕೊಳ್ತಿದೆ, ಇಮ್ಯುನಿಟಿ ಬೂಸ್ಟ್ ಆಗೋಕೆ ಏನು ಕೊಡ್ಲಿ ಅಂತ ಕೇಳಿದೀರ. ನಾನು ಡಾಕ್ಟರ್ ಅಲ್ಲ, ವೈರಾಲಜಿ ಓದಿರೋನು, ಹಾಗಾಗಿ ಔಷಧಿ ವಿಷ್ಯಕ್ಕೆ ಹೋಗಲ್ಲ, ಉಸಿರಿನ ದಾರಿ ಒಳಗೆ ಏನಾಗ್ತಿರುತ್ತೆ ಅಂತಷ್ಟೇ ಹೇಳ್ತೀನಿ.

ಈ ವಯಸ್ಸಲ್ಲಿ ವರ್ಷಕ್ಕೆ 6-8 ಸಲ ಶೀತ ಆಗೋದು ಮಾಮೂಲಿ, ಡೇಕೇರ್‌ಗೆ ಹೋಗೋ ಮಕ್ಕಳಿಗೆ ಇನ್ನೂ ಜಾಸ್ತಿ. ಶೀತ ತರೋ ವೈರಸ್‌ಗಳಲ್ಲಿ ತುಂಬಾ ಸಾಮಾನ್ಯವಾದ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆ ಇದೆ, ಒಂದಕ್ಕೆ ತಯಾರಾದ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ಮಾಡೋ ಪ್ರೋಟೀನ್) ಇನ್ನೊಂದಕ್ಕೆ ಅಷ್ಟಾಗಿ ಉಪಯೋಗಕ್ಕೆ ಬರಲ್ಲ, ತಾಯಿಯಿಂದ ಬಂದಿದ್ದಂತೂ ಯಾವತ್ತೋ ಖಾಲಿ ಆಗಿರುತ್ತೆ.

ಆದ್ರೆ ಮಕ್ಕಳ ಮೂಗು ಪೂರ್ತಿ ನಿಶ್ಶಸ್ತ್ರ ಏನಲ್ಲ. ಕೋವಿಡ್ ಟೈಮಲ್ಲಿ ನೋಡಿದಾಗ ಮಕ್ಕಳ ಮೂಗಿನ ಒಳಪದರದ ಜೀವಕೋಶಗಳಲ್ಲಿ ವೈರಸ್ ಗುರುತಿಸೋ ಸೆನ್ಸರ್‌ಗಳು ಸೋಂಕು ಬರೋ ಮುಂಚೆನೇ ದೊಡ್ಡೋರಿಗಿಂತ ಜಾಸ್ತಿ ಇದ್ವು, ಅಂದ್ರೆ ಇಂಟರ್‌ಫೆರಾನ್, ವೈರಸ್ ಬಂತು ಅಂತ ಜೀವಕೋಶಗಳು ಕೊಡೋ ಎಚ್ಚರಿಕೆ ಸಂಕೇತ, ಬೇಗ ಶುರುವಾಗುತ್ತೆ, ಮಕ್ಕಳಿಗೆ ಕೋವಿಡ್ ಹಗುರವಾಗಿ ಹೋಗಿದ್ದಕ್ಕೆ ಇದೂ ಒಂದು ಕಾರಣ ಅಂತಾರೆ.

ಆರ್‌ಎಸ್‌ವಿ ಅಂತ ಪುಟ್ಟ ಮಕ್ಕಳ ಶ್ವಾಸನಾಳಕ್ಕೆ ಬರೋ ಇನ್ನೊಂದು ವೈರಸ್ ಇದೆ, ಅದರ ಕಥೆ ಬೇರೆ. ಎರಡು ವರ್ಷ ತುಂಬೋದ್ರೊಳಗೆ ಹೆಚ್ಚುಕಮ್ಮಿ ಎಲ್ಲಾ ಮಕ್ಕಳಿಗೂ ಒಂದ್ಸಲ ಬಂದಿರುತ್ತೆ. ಅದ್ರ ಹತ್ರ ಎನ್‌ಎಸ್1, ಎನ್‌ಎಸ್2 ಅಂತ ಎರಡು ಪ್ರೋಟೀನ್ ಇದೆ, ಅವುಗಳ ಮುಖ್ಯ ಕೆಲಸನೇ ಇಂಟರ್‌ಫೆರಾನ್ ಬಾಯಿ ಮುಚ್ಚಿಸೋದು. ಆ ಗ್ಯಾಪಲ್ಲಿ ವೈರಸ್ ಹೆಚ್ಚಾಗುತ್ತೆ, ಆಮೇಲೆ ತಡವಾಗಿ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ಗುಂಪು ಗುಂಪಾಗಿ ನುಗ್ತಾವೆ, ಊತ, ಕಫ, ಉದುರಿದ ಜೀವಕೋಶ ಎಲ್ಲಾ ಸೇರಿ ಸಣ್ಣ ಶ್ವಾಸನಾಳ ಕಟ್ಕೊಳ್ಳುತ್ತೆ. ನಳಿಕೆಯ ಅಗಲ ಅರ್ಧ ಆದ್ರೆ ಗಾಳಿಗೆ ತಡೆ ಎರಡು ಪಟ್ಟಲ್ಲ, ಸುಮಾರು 16 ಪಟ್ಟು ಆಗುತ್ತೆ. ನಮಗೆ ಬರೀ ನೆಗಡಿ ಅನ್ಸೋದು, ನಾಳ ಮೊದಲೇ ಕಿರಿದಾಗಿರೋ ಕೂಸಿಗೆ ಉಬ್ಬಸ ಆಗೋದು ಇದಕ್ಕೇ.

ಅದಕ್ಕೇ ನಂಗೆ ಈ "ಬೂಸ್ಟ್" ಅನ್ನೋ ಮಾತು ಕೇಳಿದ್ರೆ ಕಿರಿಕಿರಿ. 1960ರ ದಶಕದಲ್ಲಿ ಅಮೆರಿಕದಲ್ಲಿ ಫಾರ್ಮಲಿನ್ ಅನ್ನೋ ರಾಸಾಯನಿಕದಲ್ಲಿ ನಿಷ್ಕ್ರಿಯ ಮಾಡಿದ ಆರ್‌ಎಸ್‌ವಿ ಲಸಿಕೆನ ಪುಟ್ಟ ಮಕ್ಕಳಿಗೆ ಕೊಟ್ಟು ನೋಡಿದ್ರು, ಆಂಟಿಬಾಡಿ ಬಂತು, ಆದ್ರೆ ವೈರಸ್ ತಡೆಯೋ ಥರದ್ದಲ್ಲ, ಮುಂದೆ ನಿಜವಾದ ಸೋಂಕು ತಗುಲಿದಾಗ ಲಸಿಕೆ ಪಡೆದವರೇ ಜಾಸ್ತಿ ಕಾಯಿಲೆ ಬಿದ್ರು, ಇಬ್ಬರು ಮಕ್ಕಳು ತೀರ್ಕೊಂಡ್ರು. ಅದಾದ್ಮೇಲೆ ದಶಕಗಟ್ಟಲೆ ಆರ್‌ಎಸ್‌ವಿ ಲಸಿಕೆ ಕೆಲಸ ಕುಂಟುತ್ತಾ ಸಾಗ್ತು, 2023ರಲ್ಲಷ್ಟೇ ಗರ್ಭಿಣಿಯರಿಗೆ ಕೊಡೋ ಲಸಿಕೆಗೆ ಕೆಲವು ದೇಶಗಳಲ್ಲಿ ಒಪ್ಪಿಗೆ ಸಿಕ್ತು. ರೆಸ್ಪಾನ್ಸ್ ಜಾಸ್ತಿ ಇದ್ರೆ ಸಾಲದು, ಸರಿಯಾದ ಥರದ್ದಿರ್ಬೇಕು, ಅದನ್ನ ಸಿರಪ್ ಬಾಟಲಿ ಕಲಿಸೋಕಾಗಲ್ಲ.

ಸುಂಬಳ ಹಸಿರಾಯ್ತು ಅಂತ ಆಂಟಿಬಯೋಟಿಕ್ ಕೇಳ್ಬೇಡಿ. ಆ ಬಣ್ಣ ನ್ಯೂಟ್ರೋಫಿಲ್ ಒಳಗಿರೋ ಒಂದು ಎಂಜೈಮ್‌ದು, ಬರೀ ವೈರಸ್ ಇದ್ರೂ ಹಸಿರಾಗುತ್ತೆ. ಜ್ವರ ಹೋಗಿ ಎರಡು ವಾರ ಆದ್ರೂ ಕೆಮ್ಮು ನಿಲ್ದೇ ಇರೋದಕ್ಕೂ ಕಾರಣ ಇದೆ, ಕಫ ಮೇಲಕ್ಕೆ ತಳ್ಳೋ ಕೂದಲಿನಂಥ ಸಿಲಿಯಾ ಹಾಳಾಗಿರುತ್ತೆ, ಮತ್ತೆ ಬೆಳೆಯೋಕೆ ವಾರಗಳು ಬೇಕು, ಅಷ್ಟರಲ್ಲಿ ಮುಂದಿನ ವೈರಸ್ ಬಂದ್ರೆ ನಿಮಗೆ ಅದೇ ಶೀತ ಹೋಗೇ ಇಲ್ಲ ಅನ್ಸುತ್ತೆ.

ನಿಜವಾಗ್ಲೂ ಇಮ್ಯುನಿಟಿ ತೊಂದರೆ ಇದ್ರೆ ಬರೀ ನೆಗಡಿ ಇರಲ್ಲ, ಮತ್ತೆ ಮತ್ತೆ ನ್ಯುಮೋನಿಯಾ, ಕಿವಿ ಸೋರೋದು, ತೂಕ ಏರದೇ ಇರೋದು, ಈ ಥರ ಇರುತ್ತೆ, ಇದ್ರೆ ಮಕ್ಕಳ ಡಾಕ್ಟರ್ ಹತ್ರ ಟೆಸ್ಟ್ ಬಗ್ಗೆ ಕೇಳಿ. ಉಸಿರಾಡುವಾಗ ಪಕ್ಕೆ ಒಳಗೆ ಎಳ್ಕೊಂಡ್ರೆ, ಮೂಗಿನ ಹೊಳ್ಳೆ ಅರಳಿದ್ರೆ, ಕುಡಿಯೋದೇ ಬಿಟ್ರೆ, ತುಟಿ ನೀಲಿ ಆದ್ರೆ ಇಲ್ಲಿ ಉತ್ತರ ಓದ್ತಾ ಕೂರ್ಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.