ಮತ್ತೆ ಕೇಳಿದ್ದೇಕೆ?

ಆತ್ಮೀಯರೇ,

ಪುಟ್ಟ ಮಕ್ಕಳು ಸಂಖ್ಯೆ ಕಲಿಯುವ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಒಳ್ಳೆಯದು. ಆದರೆ ಎರಡನೇ ಪುಟ ಓದುವಾಗ ಸಿಟ್ಟು ಬಂತು. ಕಾರಣ ಹೇಳದೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ನೀವು ಬರೆದಿದ್ದು: "ಅಕ್ಕನ ನಾಲ್ಕು ವರ್ಷದ ಮಗಳ ಮುಂದೆ ಆರಾರು ಹುಣಸೆಬೀಜದ ಎರಡು ಸಾಲು ಇಟ್ಟೆ. ಎರಡೂ ಒಂದೇ ಅಂದಳು. ಒಂದು ಸಾಲನ್ನು ಅಗಲಿಸಿ ಮತ್ತೆ ಕೇಳಿದೆ. ಇದ್ರಲ್ಲೇ ಜಾಸ್ತಿ ಅಂದಳು. ಪಾಪ, ಮುಗ್ಧ ಕಂದನಿಗೆ ಹೆಚ್ಚು-ಕಡಿಮೆಯ ಅರಿವೇ ಇಲ್ಲ!"

'ಪಾಪ' ತೆಗೆಯಿರಿ. 'ಮುಗ್ಧ ಕಂದ'ವನ್ನೂ ತೆಗೆಯಿರಿ. ಆ ಹುಡುಗಿ ಯೋಚನೆ ಮಾಡಿ ಉತ್ತರ ಕೊಟ್ಟಿದ್ದಾಳೆ, ಕನಿಕರ ಕೇಳಿಲ್ಲ. ಇನ್ನು 'ಅರಿವೇ ಇಲ್ಲ' ಎಂಬ ಮಾತು. ಮಕ್ಕಳ ಮೇಲೆ ಇಂಥದೇ ಪರೀಕ್ಷೆ ನಡೆಸಿದ ಸ್ವಿಸ್ ಮನೋವಿಜ್ಞಾನಿ ಪಿಯಾಜೆ ಕೂಡ ಅಷ್ಟು ದೂರ ಹೋಗಲಿಲ್ಲ. ಸಾಲು ಅಗಲವಾದರೂ ಸಂಖ್ಯೆ ಬದಲಾಗದು ಎಂಬುದು ಸುಮಾರು ಆರೇಳು ವರ್ಷದವರೆಗೆ ಗಟ್ಟಿಯಾಗುವುದಿಲ್ಲ ಎಂದಷ್ಟೇ ಅವರ ವಾದ. ಹೆಚ್ಚು-ಕಡಿಮೆಯ ಅಂದಾಜು ಎಣಿಕೆಗಿಂತ ಬಹಳ ಮೊದಲೇ ಇರುತ್ತದೆ. ಆರು ತಿಂಗಳ ಕೂಸುಗಳು 8 ಚುಕ್ಕೆಗೂ 16 ಚುಕ್ಕೆಗೂ ಇರುವ ವ್ಯತ್ಯಾಸ ಗುರುತಿಸುತ್ತವೆ, 8ಕ್ಕೂ 12ಕ್ಕೂ ಇರುವುದನ್ನು ಗುರುತಿಸುವುದಿಲ್ಲ ಎಂದು ಮನೋವಿಜ್ಞಾನಿಗಳಾದ ಫೇ ಶು ಮತ್ತು ಎಲಿಜಬೆತ್ ಸ್ಪೆಲ್ಕಿ 2000ದಲ್ಲಿ ತೋರಿಸಿದರು.

ನನ್ನನ್ನು ನಿಜಕ್ಕೂ ಕೆಣಕಿದ್ದು 'ಮತ್ತೆ ಕೇಳಿದೆ' ಎಂಬ ಎರಡು ಪದ. ಇಡೀ ಪ್ರಸಂಗ ನಿಂತಿರುವುದೇ ಅದರ ಮೇಲೆ, ನೀವು ಅದನ್ನು ದಾಟಿಕೊಂಡು ಹೋಗಿದ್ದೀರಿ. ದೊಡ್ಡವರು ಬೇಕಂತಲೇ ಸಾಲು ಕದಲಿಸಿ ಅದೇ ಪ್ರಶ್ನೆ ಇನ್ನೊಮ್ಮೆ ಕೇಳಿದರೆ ಮಗು ಏನಂದುಕೊಳ್ಳಬೇಕು? ಮೊದಲ ಉತ್ತರ ತಪ್ಪಾಗಿರಬೇಕು, ಅಥವಾ ಮಾವ ಉದ್ದದ ಬಗ್ಗೆ ಕೇಳುತ್ತಿರಬೇಕು ಅಂತ ತಾನೇ? 1970ರ ದಶಕದಲ್ಲಿ ಮನೋವಿಜ್ಞಾನಿಗಳಾದ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಪರೀಕ್ಷೆಯಲ್ಲಿ ಒಂದು ತುಂಟ ಆಟಿಕೆ ಕರಡಿಯಿಂದ ಸಾಲು ಕೆಡಿಸಿದರು. ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಆಗ ಸರಿಯಾಗಿ ಹೇಳಿದರು. ದೊಡ್ಡವರು ಕೆಡಿಸಿದಾಗ ಸರಿ ಹೇಳಿದವರು ತೀರಾ ಕಡಿಮೆ.

ನಾನು ಕರಡು ತಿದ್ದಲು ಕಲಿತ ವಾರಪತ್ರಿಕೆಯಲ್ಲಿ ಹಿರಿಯರೊಬ್ಬರಿದ್ದರು. ವರದಿಯಲ್ಲಿ 'ರೈತ ಹೀಗೆಂದ' ಅಂತಿದ್ದರೆ ಅಂಚಿನಲ್ಲಿ ಕೆಂಪು ಶಾಯಿ: 'ಕೇಳಿದ್ದು ಯಾರು? ಏನಂತ ಕೇಳಿದರು?' ಪುಟ ಅಚ್ಚಿಗೆ ಹೋಗುವ ಹೊತ್ತಾದರೂ ಬಿಡುತ್ತಿರಲಿಲ್ಲ, ಟ್ರಂಕ್ ಕಾಲ್ ಹಾಕಿಸಿ ವರದಿಗಾರನನ್ನೇ ವಿಚಾರಿಸುತ್ತಿದ್ದರು. ಎಷ್ಟೋ ಸಲ ಆ ಕರೆಯ ನಂತರ ಸುದ್ದಿಯೇ ಬೇರೆಯಾಗುತ್ತಿತ್ತು. ಪ್ರಶ್ನೆ ಕಾಣಿಸದ ಉತ್ತರವನ್ನು ನಂಬಲು ನನಗೆ ಇವತ್ತಿಗೂ ಆಗುವುದಿಲ್ಲ.

ಇನ್ನೊಂದು ಸಾಲು: "ಹತ್ತರವರೆಗೆ ಪಟಪಟ ಎಣಿಸಿದಳು, ಅಂದರೆ ಸಂಖ್ಯೆ ಕಲಿತಳು." ಇದೂ ಅವಸರದ ತೀರ್ಪು. ಹತ್ತರವರೆಗೆ ಒಪ್ಪಿಸುವ ಎಷ್ಟೋ ಪುಟ್ಟ ಮಕ್ಕಳು 'ಮೂರು ಕೊಡು' ಎಂದರೆ ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತಾರೆ. ಅವಳು ಎಷ್ಟು ಕೊಟ್ಟಳು? ನೀವು ಕೇಳಿದಿರಾ?

ಉಳಿದದ್ದನ್ನು ನಾನು ಮುಟ್ಟಿಲ್ಲ. ಬೀಜಗಳನ್ನು ಮತ್ತೆ ಹರಡಿ. ಈ ಸಲ ಸಾಲು ಕದಲಿಸುವ ಕೆಲಸ ಗೊಂಬೆಯದಾಗಲಿ. ನೀವು ಏನು ಕೇಳಿದಿರಿ, ಅವಳು ಏನಂದಳು, ಎರಡನ್ನೂ ಆಡಿದ ಮಾತಿನಲ್ಲೇ ಬರೆದು ಕಳಿಸಿ. 'ಯಾಕೆ ಹಾಗಂದೆ?' ಅಂತ ಅವಳನ್ನೇ ಒಮ್ಮೆ ಕೇಳಿ. ಬರುವ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ಕಾದಿರಿಸಿದ್ದೇನೆ.