ಬಾಟಲಿ ಆಮೇಲೆ, ಮೊದಲು ನಿಮ್ಮ ಉಗುರು ನೋಡಿಕೊಳ್ಳಿ

ಮನೆಯಲ್ಲೇ ಮಾಡಿದ ಬೆಳ್ಳಿ ನೀರು ನಾಲ್ಕು ದಿನಕ್ಕೇ ಬೂದು ಬಣ್ಣಕ್ಕೆ ತಿರುಗುತ್ತಿದೆ, ಯಾವ ಬಾಟಲಿಯಲ್ಲಿ ಇಡಲಿ, ಫ್ರಿಜ್‌ನಲ್ಲಿ ಇಡಬಹುದಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ಓಡಾಡಿದ್ದೆ.

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ. ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಹೂ ಬಿಟ್ಟಿತೆಂದರೆ ನನಗೆ ಸೀನು, ತಲೆಭಾರ, ಸೈನಸ್. ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು. ಪರಿಚಯದವರೊಬ್ಬರು ಕೊಲಾಯ್ಡಲ್ ಸಿಲ್ವರ್, ಅಂದರೆ ಬೆಳ್ಳಿಯ ಸಣ್ಣ ಸಣ್ಣ ಕಣ ಬೆರೆತ ಈ ಬೆಳ್ಳಿ ನೀರು ಕುಡಿಯಿರಿ ಅಂದರು. ನಗರ್ತಪೇಟೆಯಲ್ಲಿ ಶುದ್ಧ ಬೆಳ್ಳಿ ತಂತಿ, ಎಸ್.ಪಿ. ರೋಡಿನಲ್ಲಿ 9 ವೋಲ್ಟ್‌ನ ಮೂರು ಬ್ಯಾಟರಿ, ವೈರು, ಕ್ಲಿಪ್ಪು. ಒಂದೇ ಶನಿವಾರ ಎಲ್ಲವೂ ಸಿಕ್ಕಿಬಿಟ್ಟಿತು.

ನಾನು ಮಾಡಿದ ತಪ್ಪು ಒಂದು ಚಿಟಿಕೆ ಉಪ್ಪು. ಬ್ಯಾಟರಿಗೆ ಜೋಡಿಸಿದ ಬೆಳ್ಳಿ ತಂತಿಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಇಳಿಬಿಟ್ಟು ಎಷ್ಟು ಹೊತ್ತು ಕಾದರೂ ಏನೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೊರಡುವ ಅವಸರ ಬೇರೆ. ಉಪ್ಪು ಹಾಕಿದೆ. ಹತ್ತೇ ನಿಮಿಷಕ್ಕೆ ಲೋಟದ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಯಿತು. ಔಷಧ ಚೆನ್ನಾಗಿ ಇಳಿದಿದೆ ಅಂದುಕೊಂಡು ಕುಡಿದೆ. ಒಂದು ವರ್ಷ, ದಿನಾ ಕುಡಿದೆ.

ಆ ಬಿಳಿ ಬಣ್ಣ ಸಿಲ್ವರ್ ಕ್ಲೋರೈಡ್. ಉಪ್ಪಿನಲ್ಲಿರುವ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಳ್ಳುತ್ತದೆ. ಬೆಳಕು ಬಿದ್ದರೆ ಅದು ಕಪ್ಪಾಗುತ್ತದೆ. ಹಳೆಯ ಫೋಟೋ ಕಾಗದಕ್ಕೆ ಬಳಿಯುತ್ತಿದ್ದುದೂ ಇಂಥ ಬೆಳ್ಳಿ ಲವಣಗಳನ್ನೇ. ನಿಮ್ಮ ನೀರು ಬೂದು ಆಗುತ್ತಿದೆ ಅಂದರೆ ನೀವು ಹಾಕಿದ್ದು ಕಾವೇರಿ ನೀರೋ ಬೋರ್ ನೀರೋ ಇರಬೇಕು ಅಂತ ನನ್ನ ಅನುಮಾನ. ಎರಡರಲ್ಲೂ ಕ್ಲೋರೈಡ್ ಇದ್ದೇ ಇರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಉಪ್ಪು ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಹಾಗಾಗಿ ತಂತಿಯಿಂದ ಬೆಳ್ಳಿಯೂ ಬೇಗ ಬೇಗ ಬಿಡುತ್ತದೆ. ಎಷ್ಟು ಬಿಟ್ಟಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ.

ನನಗೆ ಗೊತ್ತಾಗಿದ್ದು ತಂತಿ ತೂಕ ಹಾಕಿಸಿದಾಗ. ತಂದಾಗ 20 ಗ್ರಾಂ ಇತ್ತು, ವರ್ಷ ಕಳೆದ ಮೇಲೆ 16. ಆ ನಾಲ್ಕು ಗ್ರಾಂನಲ್ಲಿ ಸ್ವಲ್ಪ ತಂತಿ ಒರೆಸಿದ ಬಟ್ಟೆಗೆ ಮಸಿಯಾಗಿ ಹೋಗಿರಬಹುದು. ಉಳಿದಿದ್ದೆಲ್ಲ ನನ್ನ ಹೊಟ್ಟೆಗೆ. ದಿನದ ಲೆಕ್ಕ ಹಾಕಿದರೆ ಸುಮಾರು 11 ಮಿಲಿಗ್ರಾಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಕಿರುವ ಮಿತಿ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 5 ಮೈಕ್ರೋಗ್ರಾಂ. 60 ಕಿಲೋ ಇರುವ ನನಗೆ ಅದು 0.3 ಮಿಲಿಗ್ರಾಂ. ಮೂವತ್ತು ಪಟ್ಟಿಗೂ ಜಾಸ್ತಿ ಕುಡಿದಿದ್ದೆ!

ಮೊದಲು ಗಮನಿಸಿದ್ದು ಬಳೆ ಅಂಗಡಿಯವರು. ತಂಗಿ ಮದುವೆಗೆ ಬಳೆ ತೊಡಿಸುತ್ತಾ, "ಯಾಕಮ್ಮ, ಉಗುರು ಹೀಗೆ ನೀಲಿ ಆಗಿದೆ?" ಅಂದರು. ಉಗುರಿನ ಬುಡದಲ್ಲಿ ಅರ್ಧಚಂದ್ರದ ಹಾಗೆ ಬೆಳ್ಳಗಿರುತ್ತದಲ್ಲ, ಅದು ಹತ್ತೂ ಬೆರಳಲ್ಲಿ ನೀಲಿಗಟ್ಟಿತ್ತು. ಡಾಕ್ಟರು ಆಕ್ಸಿಜನ್ ಕಡಿಮೆಯಾಗಿದೆಯೇನೋ ಅಂತ ಬೆರಳಿಗೆ ಮೆಷಿನ್ ಹಾಕಿದರು. 98 ಇತ್ತು. ಅಲ್ಲಿಂದ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಯಾರಾದರೂ ಬೆಳ್ಳಿ ಕೆಲಸ ಮಾಡ್ತೀರಾ?"

ಇದಕ್ಕೆ ಆರ್ಜೀರಿಯಾ ಅಂತಾರೆ. ಬೆಳ್ಳಿ ಚರ್ಮದೊಳಗೆ ಕೂತುಬಿಡುತ್ತದೆ, ಬಿಸಿಲು ಬಿದ್ದ ಕಡೆ ಇನ್ನೂ ಗಾಢವಾಗುತ್ತದೆ. ಅದನ್ನು ಮೈಯಿಂದ ತೆಗೆಯುವ ಮಾತ್ರೆ ಇಲ್ಲ. ಕೆಲವರಿಗೆ ಲೇಸರ್‌ನಿಂದ ಬಣ್ಣ ತಿಳಿಯಾಗಿದೆ. ಅಮೆರಿಕದ ಪಾಲ್ ಕ್ಯಾರಸನ್ ಅವರ ಮುಖ ಪೂರ್ತಿ ನೀಲಿಯಾಗಿತ್ತು. ಅವರೂ ಮನೆಯಲ್ಲೇ ಮಾಡಿಕೊಂಡು ಕುಡಿದವರು.

ನಿಮ್ಮ ಪ್ರಶ್ನೆಗೂ ಹೇಳುತ್ತೇನೆ. ಮಾಡುವವರು ಕಂದು ಗಾಜಿನ ಬಾಟಲಿಯಲ್ಲಿ, ಬಿಸಿಲು ತಾಗದ ಕಡೆ, ಫ್ರಿಜ್‌ನ ಹೊರಗೆ ಇಡುತ್ತಾರೆ. ಇದರಿಂದ ಕಣಗಳು ಗಂಟುಕಟ್ಟುವುದು ನಿಧಾನವಾಗುತ್ತದೆ, ಅಷ್ಟೇ. ಒಳಗಿರುವ ಬೆಳ್ಳಿ ಅಷ್ಟೇ ಇರುತ್ತದೆ. ಅದಕ್ಕೇ ಬಾಟಲಿ ಬದಲಾಯಿಸಿ ಅಂತ ನಾನು ಹೇಳುವುದಿಲ್ಲ. ಕುಡಿಯುವುದನ್ನು ಇವತ್ತೇ ನಿಲ್ಲಿಸಿ. ಕಾಯಿಲೆ ವಾಸಿ ಮಾಡುತ್ತದೆ ಅಂತ ಮಾರುವ ಕೊಲಾಯ್ಡಲ್ ಸಿಲ್ವರ್‌ಗೆ ಸುರಕ್ಷತೆಯ ಆಧಾರವೂ ಇಲ್ಲ, ಗುಣದ ಆಧಾರವೂ ಇಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿತ್ತು. ನನ್ನ ಸೈನಸ್ ಅಂತೂ ಅದರ ಪಾಡಿಗೆ ಅದು ಬರುತ್ತಲೇ ಇತ್ತು.

"ಮಗುವಿಗೆ ಬೆಳ್ಳಿ ಒಳಲೆಯಲ್ಲೇ ಹಾಲು ಹಾಕ್ತೀವಲ್ಲ" ಅಂತ ನಮ್ಮತ್ತೆ ಕೇಳಿದ್ದರು. ಒಳಲೆಗೆ ನಾವು ಬ್ಯಾಟರಿ ಜೋಡಿಸುವುದಿಲ್ಲ ಅಲ್ವಾ? ಸುಟ್ಟ ಗಾಯಕ್ಕೆ ಹಚ್ಚುವ ಬೆಳ್ಳಿಯ ಮುಲಾಮು ಬೇರೆ. ಅದರಲ್ಲಿ ಎಷ್ಟು ಬೆಳ್ಳಿ ಅಂತ ಲೆಕ್ಕ ಇರುತ್ತದೆ, ಡಾಕ್ಟರು ಹೇಳಿದಷ್ಟು ದಿನ ಮಾತ್ರ ಹಚ್ಚುತ್ತಾರೆ.

ನೀವು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಾದರೆ ಅದನ್ನೂ ಡಾಕ್ಟರಿಗೆ ಹೇಳಿ. ಬೆಳ್ಳಿ ನೀರು ಆ ಮಾತ್ರೆ ಮೈಗೆ ಹತ್ತದ ಹಾಗೆ ಮಾಡಬಲ್ಲದು. ನಾಳೆ ಬೆಳಿಗ್ಗೆ ಕಿಟಕಿ ಹತ್ತಿರ ನಿಂತು ಉಗುರಿನ ಬುಡ ನೋಡಿ, ವಸಡೂ ನೋಡಿ. ನೀಲಿ ಅಥವಾ ಬೂದು ಕಂಡರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ಬಾಟಲಿ, ತಂತಿ ಎರಡನ್ನೂ ತೆಗೆದುಕೊಂಡು ಹೋಗಿ. ನಾನು ಮುಜುಗರಪಟ್ಟು ಮೊದಲ ಸಲ ಅವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಕಾಯಿಲೆ ಯಾವುದು ಅಂತ ಗೊತ್ತಾಗಲು ಇನ್ನೂ ಎರಡು ತಿಂಗಳು ಹಿಡಿಯಿತು.