ಊರ ಮುಂದಿನ ರಸ್ತೆ ಯಾರದ್ದು? ಓದುಗರ ಪ್ರಶ್ನೆ, ನಮ್ಮ ಉತ್ತರ

ರಸ್ತೆ ಸುರಕ್ಷತೆ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗೋಳು: ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತಾರೆ.’ ಹಾಗಾಗಿ ಅದನ್ನೇ ಮೊದಲು ತೆಗೆದುಕೊಂಡಿದ್ದೇನೆ. ಕೆಲವು ಪತ್ರ ಉದ್ದ ಇದ್ದವು, ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಊರ ನಡುವೆಯೇ ರಾಜ್ಯ ಹೆದ್ದಾರಿ. ಮನೆಗಳು ಒಂದು ಕಡೆ, ಶಾಲೆ ಇನ್ನೊಂದು ಕಡೆ. ಮೂರು ಜನ ಪ್ರಾಣ ಕಳೆದುಕೊಂಡರು. ರಸ್ತೆ ನಮ್ಮದಲ್ಲ ಅಂತ ಪಂಚಾಯಿತಿ ಕಚೇರಿಯವರು, ಬೀದಿದೀಪ ನಮ್ಮದಲ್ಲ ಅಂತ ಎಂಜಿನಿಯರ್, ದಾನಿಗಳು ಸಿಕ್ಕರೆ ಬ್ಯಾರಿಕೇಡ್ ಇಡೋಣ ಅಂತ ಠಾಣೆಯವರು. ನಾನು ಯಾರನ್ನು ಹಿಡಿಯಲಿ?

ಮೇಡಂ, ಮೂವರೂ ಹೇಳಿದ್ದು ಸುಳ್ಳಲ್ಲ. ಅದೇ ಕಷ್ಟ.

ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಎರಡೂ ಲೋಕೋಪಯೋಗಿ ಇಲಾಖೆಯವು. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆ ಸಾಮಾನ್ಯವಾಗಿ ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂಗ್ ವಿಭಾಗದ್ದು. ಊರೊಳಗಿನ ಬೀದಿ, ಚರಂಡಿ, ದೀಪ ಗ್ರಾಮ ಪಂಚಾಯಿತಿಯವು. ವೇಗವಾಗಿ ಬರುವವರನ್ನು ಹಿಡಿಯುವುದು ಪೊಲೀಸರು. ಬಸ್ ಓಡಿಸುವುದು ಸಾರಿಗೆ ನಿಗಮ. ಶಾಲೆ ಬಿಟ್ಟ ಮಗು ರಸ್ತೆ ದಾಟುವ ಆ ಹತ್ತು ಹೆಜ್ಜೆಯಲ್ಲಿ ಇವರೆಲ್ಲರ ಕೆಲಸವೂ ಸೇರಿಕೊಂಡಿದೆ. ಒಬ್ಬೊಬ್ಬರ ಬಾಗಿಲು ಬೇರೆ ಬೇರೆ ತಟ್ಟಿದರೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಇವರೆಲ್ಲ ಒಟ್ಟಿಗೆ ಕೂರುವ ಒಂದು ಸಭೆ ಇದೆ: ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಮೋಟಾರು ವಾಹನ ಕಾಯ್ದೆಯ 215ನೇ ಕಲಂನಲ್ಲೇ ಇದರ ಪ್ರಸ್ತಾಪ ಇದೆ, 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರತಿ ಜಿಲ್ಲೆಯಲ್ಲೂ ಇದು ಇರಲೇಬೇಕು ಅಂತ ಹೇಳಿದೆ. ನಮ್ಮಲ್ಲಿ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಎಸ್‌ಪಿ, ಆರ್‌ಟಿಒ, ರಸ್ತೆ ಎಂಜಿನಿಯರ್‌ಗಳು ಎಲ್ಲ ಅಲ್ಲಿ ಇರುತ್ತಾರೆ. ‘ಅದು ಅವರದ್ದು’ ಅಂತ ಹೇಳಿದರೆ ‘ಅವರು’ ಎದುರಿಗೇ ಕೂತಿರುತ್ತಾರೆ. ನಿಮ್ಮ ಅರ್ಜಿ ಹೋಗಬೇಕಾದದ್ದು ಅಲ್ಲಿಗೆ.

ಆದರೆ ‘ನಮ್ಮೂರಲ್ಲಿ ಅಪಘಾತ ಜಾಸ್ತಿ, ದಯವಿಟ್ಟು ಕ್ರಮ ಕೈಗೊಳ್ಳಿ’ ಅಂತ ಬರೆದರೆ ಆ ಅರ್ಜಿ ಕಡತ ಸೇರಿಬಿಡುತ್ತದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಎಫ್‌ಐಆರ್ ನಂಬರ್‌ಗಳನ್ನು ಠಾಣೆಯಿಂದ ಬರೆದುಕೊಳ್ಳಿ. ಯಾವ ಕಿಲೋಮೀಟರ್ ಕಲ್ಲಿನಿಂದ ಎಷ್ಟು ಮೀಟರ್ ದೂರ ಅಂತ ಗುರುತಿಸಿ. ಶಾಲೆ ಬಿಡುವ ಹೊತ್ತಿಗೆ ಒಂದು ಫೋಟೊ, ರಾತ್ರಿ ಎಂಟಕ್ಕೆ ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೊ. ಆಮೇಲೆ ಬೇಡಿಕೆಯನ್ನು ಒಡೆದು ಬರೆಯಿರಿ: ದಾಟುವ ಪಟ್ಟಿ ಮತ್ತು ಎಚ್ಚರಿಕೆ ಫಲಕ ಇಂಥ ಇಲಾಖೆ, ದೀಪ ನಾವೇ, ಬಸ್ ನಿಲ್ಲುವ ಜಾಗ ಇಂಥವರು. ಪಂಚಾಯಿತಿ ತನ್ನ ಪಾಲನ್ನು ಮೊದಲು ಮಾಡಿ ತೋರಿಸಿದರೆ ಉಳಿದವರಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಹಣಕಾಸು ಆಯೋಗದ ಅನಿರ್ಬಂಧಿತ (ಇಂಥದ್ದಕ್ಕೇ ಖರ್ಚು ಮಾಡಿ ಅಂತ ಕಟ್ಟಿಹಾಕದ) ಅನುದಾನದಲ್ಲಿ ಬೀದಿದೀಪಕ್ಕೆ ಅವಕಾಶ ಇದೆ.

ಬಸ್ ನಿಲ್ಲುವ ಜಾಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಸ್ಸು ನಿಲ್ಲುತ್ತದೆ, ಮಕ್ಕಳು ಇಳಿದು ಬಸ್ಸಿನ ಮುಂದಿನಿಂದ ರಸ್ತೆಗೆ ಬರುತ್ತಾರೆ. ಹಿಂದಿನಿಂದ ಬಸ್ಸನ್ನು ದಾಟಿ ಬರುವ ಬೈಕಿಗೋ ಕಾರಿಗೋ ಆ ಮಗು ಕಾಣುವುದೇ ಇಲ್ಲ. 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣಿಗೆ ಬಿದ್ದು ಬ್ರೇಕ್ ಮೇಲೆ ಕಾಲು ಇಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬಸ್ಸು ದಾಟುವ ಪಟ್ಟಿಯನ್ನು ಕಳೆದು ಸ್ವಲ್ಪ ಮುಂದೆ ಹೋಗಿ ನಿಂತರೆ ಜನ ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಬರುವ ಗಾಡಿಗೂ ಕಾಣುತ್ತಾರೆ. ಇದಕ್ಕೆ ಬೇಕಿರುವುದು ಒಂದು ಫಲಕ ಕಿತ್ತು ಮುಂದೆ ನೆಡುವ ಖರ್ಚು, ಅಷ್ಟೇ.

ಪ್ರಶ್ನೆ: ನಮ್ಮ ಜಾಗ ‘ಬ್ಲ್ಯಾಕ್ ಸ್ಪಾಟ್’ (ಪದೇ ಪದೇ ಅಪಘಾತ ಆಗುವ ಜಾಗ) ಪಟ್ಟಿಯಲ್ಲಿ ಇಲ್ಲ, ಅದಕ್ಕೇ ಕೆಲಸ ಆಗಲ್ಲ ಅಂದರು. ಪಟ್ಟಿಗೆ ಸೇರಲು ಏನು ಬೇಕು?

ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ಸಾರಿಗೆ ಸಚಿವಾಲಯ ಇಟ್ಟಿರುವ ಅಳತೆ ಹೀಗಿದೆ: ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಹಣ ಮೊದಲು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸಲು ಇಂಥದ್ದೊಂದು ಅಳತೆ ಬೇಕು, ಒಪ್ಪುತ್ತೇನೆ. ಆದರೆ ಪಟ್ಟಿಯಲ್ಲಿ ಇಲ್ಲದ ಜಾಗಕ್ಕೆ ಏನೂ ಮಾಡಬಾರದು ಅಂತ ಎಲ್ಲೂ ಇಲ್ಲ. ಐದನೇ ಅಪಘಾತ ಆಗುವ ತನಕ ಕಾಯುವುದು ಅಂದರೆ ಯಾರ ಮನೆಯ ಮಗುವಿಗೆ ಕಾಯುವುದು? ಇದನ್ನು ಸಭೆಯಲ್ಲಿ ಹೀಗೇ ಕೇಳಿ, ಮುಜುಗರ ಬೇಡ.

ಇನ್ನೊಂದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಅನ್ನುವ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಅದರಿಂದ ಸಾವೋ ಅಂಗವೈಕಲ್ಯವೋ ಆದರೆ ಹೊಣೆ ಹೊತ್ತ ಪ್ರಾಧಿಕಾರಕ್ಕೂ ಗುತ್ತಿಗೆದಾರರಿಗೂ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅಪಾಯದ ಬಗ್ಗೆ ನೀವು ಮೊದಲೇ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದಿದ್ದರೆ, ನಾಳೆ ‘ನಮಗೆ ಗೊತ್ತಿರಲಿಲ್ಲ’ ಅನ್ನಲು ಯಾರಿಗೂ ಆಗುವುದಿಲ್ಲ.

ಪ್ರಶ್ನೆ: ಬೇಸತ್ತು ನಮ್ಮ ಹುಡುಗರೇ ಒಂದು ರಾತ್ರಿ ಸಿಮೆಂಟ್ ಕಲಸಿ ಹಂಪ್ ಹಾಕಿದರು. ಈಗ ಗಾಡಿಗಳು ನಿಧಾನ ಆಗಿವೆ. ಇದು ತಪ್ಪಾ?

ಸಿಟ್ಟು ಅರ್ಥ ಆಗುತ್ತದೆ, ಆದರೆ ಇವತ್ತೇ ತೆಗೆಸಿ. ರಾತ್ರಿ ಬರುವ ಬೈಕಿನವರಿಗೆ ಅದು ಕಾಣುವುದಿಲ್ಲ. ಹಿಂದೆ ಕೂತ ಹೆಂಗಸರು ಎಗರಿ ಬಿದ್ದು ತಲೆಗೆ ಪೆಟ್ಟಾದ ಪ್ರಕರಣಗಳು ಪ್ರತಿ ತಾಲೂಕಿನಲ್ಲೂ ಇವೆ.

ಸರಿಯಾದ ಹಂಪ್‌ಗೆ ಇಂಡಿಯನ್ ರೋಡ್ ಕಾಂಗ್ರೆಸ್ (ರಸ್ತೆಗಳ ಮಾನದಂಡ ಗೊತ್ತು ಮಾಡುವ ಎಂಜಿನಿಯರ್‌ಗಳ ಸಂಸ್ಥೆ) ಅಳತೆ ಕೊಟ್ಟಿದೆ. ಎತ್ತರ 10 ಸೆಂ.ಮೀ., ಗಾಡಿ ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್. ಅಂದರೆ ಒಬ್ಬ ಆಳು ಉದ್ದಕ್ಕೆ ಮಲಗಿದರೆ ಅದರ ಎರಡರಷ್ಟು. ನಮ್ಮೂರುಗಳಲ್ಲಿ ಕಾಣುವುದು ಒಂದಡಿ ಅಗಲದ ಕಟ್ಟೆ. ಸರಿಯಾದದ್ದರ ಮೇಲೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ಹೋಗಬಹುದು, ಬೆನ್ನಿಗೆ ಏಟಿಲ್ಲ. ಮೇಲೆ ಬಣ್ಣದ ಪಟ್ಟಿ, 40 ಮೀಟರ್ ಮೊದಲೇ ಫಲಕ ಇರಬೇಕು. ಹೆದ್ದಾರಿ ಮೇಲೆ ಹಂಪ್ ಕೇಳಲೇಬೇಡಿ, ಸಿಗುವುದಿಲ್ಲ, ಸಿಗಲೂಬಾರದು. ಅಲ್ಲಿ ಸಣ್ಣ ಉಬ್ಬುಪಟ್ಟಿಗಳು, ಬೆಳಕು, ವೇಗ ಹಿಡಿಯುವ ಕ್ಯಾಮೆರಾ ಕೇಳಿ. ಹೆದ್ದಾರಿಗೆ ಬಂದು ಸೇರುವ ನಿಮ್ಮ ಊರ ಅಡ್ಡರಸ್ತೆಯ ಬಾಯಲ್ಲಿ ಮಾತ್ರ ಹಂಪ್ ಖಂಡಿತ ಬೇಕು.

ಪ್ರಶ್ನೆ: ನಮ್ಮ ಕಡೆ ಕೂಲಿಗೆ, ಸಂತೆಗೆ ಹೋಗುವವರೆಲ್ಲ ಗೂಡ್ಸ್ ಗಾಡಿಯಲ್ಲೇ ಹೋಗುತ್ತಾರೆ. ಪೊಲೀಸರು ದಂಡ ಹಾಕುತ್ತಾರೆ, ಮಾರನೇ ದಿನ ಮತ್ತೆ ಅದೇ. ಜನಕ್ಕೆ ಬುದ್ಧಿ ಬರುವುದು ಯಾವಾಗ?

ನಿಮ್ಮ ಪ್ರಶ್ನೆಯ ಕೊನೆ ವಾಕ್ಯ ನನಗೆ ಒಪ್ಪಿಗೆ ಇಲ್ಲ. ಬೆಳಿಗ್ಗೆ ಆರಕ್ಕೆ ಹೊಲದಲ್ಲಿ ಇರಬೇಕು, ಮೊದಲ ಬಸ್ ಎಂಟಕ್ಕೆ. ಬುದ್ಧಿ ಇದ್ದವರೂ ಆ ಗಾಡಿಯನ್ನೇ ಹತ್ತುತ್ತಾರೆ.

2025ರ ಜನವರಿ 22ರ ನಸುಕು ನೆನಪಿದೆಯಾ? ಸವಣೂರು ಕಡೆಯಿಂದ ತರಕಾರಿ, ಹಣ್ಣು ತುಂಬಿಕೊಂಡು ಕುಮಟಾ ಸಂತೆಗೆ ಹೊರಟ ಲಾರಿ ಯಲ್ಲಾಪುರ ತಾಲೂಕಿನ ಘಟ್ಟದ ರಸ್ತೆಯಲ್ಲಿ ಕಂದಕಕ್ಕೆ ಉರುಳಿ 10 ಜನ ಸತ್ತರು. ಎಲ್ಲರೂ ಸರಕಿನ ಜತೆ ಕೂತಿದ್ದ ಸಣ್ಣ ವ್ಯಾಪಾರಿಗಳು. ಹಾವೇರಿ ಜಿಲ್ಲೆಯ ಊರು, ಉತ್ತರ ಕನ್ನಡದ ಸಂತೆ. ಸಂತೆ ಎಲ್ಲಿ, ಯಾವ ದಿನ ಅನ್ನುವುದು ಅಲ್ಲಿನ ಸ್ಥಳೀಯ ಸಂಸ್ಥೆಗೆ ಗೊತ್ತು. ಹೊರಡುವವರು ಯಾರು ಅನ್ನುವುದು ಇಲ್ಲಿನವರಿಗೆ ಗೊತ್ತು. ಈ ಇಬ್ಬರೂ ಕೂತು, ಸಂತೆ ಹಿಂದಿನ ರಾತ್ರಿ ಜನಕ್ಕೆ ಒಂದು ಬಸ್, ಸರಕಿಗೆ ಬೇರೆ ಗಾಡಿ ಅಂತ ಲೆಕ್ಕ ಹಾಕಿದರೆ ಅದೇ ಸಾರಿಗೆ ಯೋಜನೆ. ಯೋಜನೆ ಅಂದರೆ ಫ್ಲೈಓವರ್ ನಕ್ಷೆ ಅಂತಲೇ ನಾವು ಅಂದುಕೊಂಡುಬಿಟ್ಟಿದ್ದೇವೆ.

ಅಕ್ಕಪಕ್ಕದ ನಾಲ್ಕಾರು ಪಂಚಾಯಿತಿಗಳು ಸೇರಿ ಒಂದು ಪಟ್ಟಿ ಮಾಡಿ: ಯಾವ ಊರಿಂದ ಯಾವ ಊರಿಗೆ, ಎಷ್ಟು ಗಂಟೆಗೆ, ಸುಮಾರು ಎಷ್ಟು ಜನ. ಅದನ್ನು ಡಿಪೊ ಮ್ಯಾನೇಜರ್‌ಗೂ ವಿಭಾಗೀಯ ನಿಯಂತ್ರಣಾಧಿಕಾರಿಗೂ ಒಟ್ಟಿಗೆ ಕೊಡಿ. ಒಂದು ಊರಿನ ಹದಿನೈದು ಜನಕ್ಕೆ ಬಸ್ ಬಿಡಿ ಅಂದರೆ ಲಾಭ ಇಲ್ಲ ಅಂತಾರೆ, ಐದು ಊರಿನ ದಾರಿ ತೋರಿಸಿದರೆ ಮಾತೇ ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಸರ್ಕಾರಿ ಬಸ್‌ನಲ್ಲಿ ಟಿಕೆಟ್ ಖರ್ಚಿಲ್ಲ, ಆದರೆ ಬೇಕಾದ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಅದರಿಂದ ಏನು ಬಂತು? ಸರ್ಕಾರಿ ಬಸ್ ಆಗದಿದ್ದರೆ ಖಾಸಗಿ ಬಸ್‌ಗೆ ಪರ್ಮಿಟ್ ಕೊಡುವ ಸಾರಿಗೆ ಪ್ರಾಧಿಕಾರಕ್ಕೂ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅಲ್ಲೂ ಕೇಳಬಹುದು.

ಜನಕ್ಕೆ ಇದನ್ನೂ ಹೇಳಿ: ತನ್ನ ಸರಕಿನ ಜತೆ ಹೋಗುವವರನ್ನು ಬಿಟ್ಟರೆ, ಗೂಡ್ಸ್ ಗಾಡಿಯಲ್ಲಿ ಸುಮ್ನೆ ಹತ್ತಿ ಹೋಗುವ ಪ್ರಯಾಣಿಕರಿಗೆ ವಿಮಾ ಕಂಪನಿಯಿಂದ ಪರಿಹಾರ ಸಿಗುವುದು ಬಹಳ ಕಷ್ಟ. ಮನೆಯ ದುಡಿಯುವ ಕೈ ಹೋದ ಮೇಲೆ ಕೋರ್ಟಿನಲ್ಲಿ ಇದು ಗೊತ್ತಾಗುವಂತೆ ಆಗಬಾರದು.

ಪ್ರಶ್ನೆ: ರಾತ್ರಿ ಡಾಬಾ ಮುಂದೆ ಲಾರಿಗಳು ರಸ್ತೆಯಲ್ಲೇ ನಿಲ್ಲುತ್ತವೆ. ಪಂಚಾಯಿತಿ ಏನಾದರೂ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು. 2024ರ ಜೂನ್ 28ರಂದು ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ ಭದ್ರಾವತಿ ಕಡೆಯ 13 ಜನ ಸತ್ತರು. ಡಾಬಾಕ್ಕೆ ಪರವಾನಗಿ ಕೊಡುವುದು, ನವೀಕರಿಸುವುದು ನಿಮ್ಮ ಪಂಚಾಯಿತಿ. ರಸ್ತೆಯಿಂದ ಒಳಗೆ ಲಾರಿ ನಿಲ್ಲುವ ಜಾಗ ಇಲ್ಲದಿದ್ದರೆ ನವೀಕರಣ ಇಲ್ಲ ಅಂತ ಠರಾವು ಮಾಡಿ. ವಾಹನ ನಿಲ್ಲುವ ಜಾಗ ಗೊತ್ತು ಮಾಡುವಾಗ ಸ್ಥಳೀಯ ಸಂಸ್ಥೆಯನ್ನು ಕೇಳಿಯೇ ಮಾಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಹೇಳುತ್ತದೆ. ಆ ಹಕ್ಕನ್ನು ಪಂಚಾಯಿತಿಗಳು ಬಳಸುವುದೇ ಅಪರೂಪ. ಪಕ್ಕದ ಪಂಚಾಯಿತಿಯೂ ಅದೇ ಷರತ್ತು ಹಾಕುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಲಾರಿಗಳು ಒಂದು ಕಿಲೋಮೀಟರ್ ಮುಂದೆ ಹೋಗಿ ನಿಲ್ಲುತ್ತವೆ, ಅಷ್ಟೇ.

ಪ್ರಶ್ನೆ: ನಮ್ಮ ಲೇಔಟ್ ಅರ್ಧ ನಗರಸಭೆಗೆ, ಅರ್ಧ ಗ್ರಾಮ ಪಂಚಾಯಿತಿಗೆ ಸೇರುತ್ತದೆ. ಗಡಿ ಬಂದ ತಕ್ಷಣ ಫುಟ್‌ಪಾತ್ ನಿಂತುಹೋಗುತ್ತದೆ, ದೀಪವೂ ಇಲ್ಲ. ಎರಡನ್ನೂ ಸೇರಿಸಿ ಯೋಚನೆ ಮಾಡುವವರು ಯಾರೂ ಇಲ್ಲವೇ?

ಸಂವಿಧಾನದಲ್ಲಿ ಇದ್ದಾರೆ. 243ಝಡ್‌ಡಿ ವಿಧಿ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನಾ ಸಮಿತಿ ಇರಬೇಕು, ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರೇ ಆಗಿರಬೇಕು. ಊರು, ಪೇಟೆ ಎರಡರ ಯೋಜನೆಯನ್ನೂ ಒಟ್ಟು ಮಾಡುವುದೇ ಅದರ ಕೆಲಸ. ಆದರೆ ನಮ್ಮ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ಆಮೇಲೆ ವರ್ಷಗಳ ಕಾಲ ಚುನಾವಣೆಯೇ ಆಗಲಿಲ್ಲ. ಚುನಾಯಿತರೇ ಇಲ್ಲದ ಸಮಿತಿ ಯಾರ ಫುಟ್‌ಪಾತ್ ಬಗ್ಗೆ ಮಾತಾಡೀತು? ನನಗೆ ಇದು ನಿಜವಾಗಿ ನೋವಿನ ವಿಷಯ. ಬೇರೆ ಬೇರೆ ಸಂಸ್ಥೆಗಳ ಸಾರಿಗೆ ಕೆಲಸವನ್ನು ಒಟ್ಟಿಗೆ ಯೋಜಿಸಲು ಬೆಂಗಳೂರಿಗೆ ಭೂಸಾರಿಗೆ ಪ್ರಾಧಿಕಾರ ಮಾಡಲು 2022ರಲ್ಲಿ ಪ್ರತ್ಯೇಕ ಕಾಯ್ದೆ ತಂದರು, ಒಳ್ಳೆಯದೇ. ಉಳಿದ ಊರುಗಳಿಗೂ ಅಂಥದ್ದೊಂದು ಬೇಕು ಅಲ್ವಾ?

ಒಟ್ಟಾಗಿ ಯೋಚಿಸದಿದ್ದರೆ ಏನಾಗುತ್ತದೆ ಅನ್ನುವುದನ್ನು ಹುಬ್ಬಳ್ಳಿ–ಧಾರವಾಡ ಬೈಪಾಸ್ ನೋಡಿದವರಿಗೆ ಹೇಳಬೇಕಾಗಿಲ್ಲ. ಎರಡೂ ಕಡೆ ಅಗಲ ಹೆದ್ದಾರಿ, ನಡುವೆ ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿ.ಮೀ. ಮಾತ್ರ ಎರಡು ಲೇನ್ ಇತ್ತು. 2021ರ ಜನವರಿ 15ರಂದು ಇಟಿಗಟ್ಟಿ ಹತ್ತಿರ ಟಿಪ್ಪರ್‌ಗೆ ಮುಖಾಮುಖಿಯಾಗಿ ದಾವಣಗೆರೆಯ ಗೆಳತಿಯರ ಗಾಡಿ ನುಜ್ಜುಗುಜ್ಜಾಗಿ ಹತ್ತಕ್ಕೂ ಹೆಚ್ಚು ಜನ ಹೋದರು. ರಸ್ತೆ ಅಗಲ ಮಾಡುವ ಕೆಲಸಕ್ಕೆ ಅಡಿಗಲ್ಲು ಬಿದ್ದದ್ದು ಅದರ ಮುಂದಿನ ವರ್ಷ.

ನಿಮ್ಮ ಲೇಔಟ್‌ಗೆ ಸದ್ಯಕ್ಕೆ ದಾರಿ: ನಗರಸಭೆ ಆಯುಕ್ತರಿಗೂ ಪಿಡಿಒಗೂ ಒಂದೇ ಅರ್ಜಿ, ಇಬ್ಬರ ಹೆಸರೂ ಅದರಲ್ಲಿ ಇರಲಿ, ಅದರ ಒಂದು ನಕಲು ಜಿಲ್ಲಾಧಿಕಾರಿಗೆ. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಡೆತಡೆ ಇಲ್ಲದ ಅಗಲ ಇರಬೇಕು ಅಂತ ರೋಡ್ ಕಾಂಗ್ರೆಸ್ ಹೇಳುತ್ತದೆ, ಅದನ್ನು ಬರೆಯಲು ಮರೆಯಬೇಡಿ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491. ಅದರಲ್ಲಿ ಸುಮಾರು ಐವರಲ್ಲಿ ಒಬ್ಬರು ಪಾದಚಾರಿಗಳು.

ಪ್ರಶ್ನೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೈಕ್, ಆಟೊ ನಿಷೇಧ ಸರಿಯೇ? ನಾವೇನು ಎರಡನೇ ದರ್ಜೆಯವರಾ?

2023ರ ಆಗಸ್ಟ್ 1ರಿಂದ ಬಂದ ಆ ನಿಷೇಧ ಸರಿ ಅಂತಲೇ ನನ್ನ ಅಭಿಪ್ರಾಯ. ನೂರರ ವೇಗದ ಕಾರುಗಳ ನಡುವೆ ಬೈಕ್, ಟ್ರ್ಯಾಕ್ಟರ್ ಇರಬಾರದು. ಆದರೆ ಸರ್ವಿಸ್ ರಸ್ತೆ ಎಲ್ಲೂ ತುಂಡಾಗದೆ ಇರಬೇಕು, ಊರಿನವರು ದಾಟಲು ಮೇಲ್ಸೇತುವೆಯೋ ಕೆಳದಾರಿಯೋ ಹತ್ತಿರದಲ್ಲೇ ಇರಬೇಕು. ಹೊಲ ಆಚೆ, ಮನೆ ಈಚೆ ಇದ್ದವರಿಗೆ ಎರಡು ಕಿಲೋಮೀಟರ್ ಸುತ್ತಿ ಬನ್ನಿ ಅಂದರೆ ಅವರು ಬೇಲಿ ದಾಟುತ್ತಾರೆ. ದಾರಿ ಉದ್ದದ ಪಂಚಾಯಿತಿಗಳು ಒಟ್ಟಿಗೆ ಕೇಳಬೇಕಾದದ್ದು ಇದನ್ನು.

ಪ್ರಶ್ನೆ: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟ್ ಅಂತ ಅಲೆಸುತ್ತಾರಾ?

ಇಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. 112ಕ್ಕೋ 108ಕ್ಕೋ ಕರೆ ಮಾಡಿ, ರಾಷ್ಟ್ರೀಯ ಹೆದ್ದಾರಿ ಆದರೆ 1033. ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿದರೆ ಆಂಬುಲೆನ್ಸ್ ಬೇಗ ಬರುತ್ತದೆ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ಆಸ್ಪತ್ರೆ ಕೌಂಟರ್‌ನಲ್ಲಿ ಮುಂಗಡ ಕೇಳಿದರೆ ಕೇಂದ್ರದ ಈ ನಗದುರಹಿತ ಚಿಕಿತ್ಸೆ ಯೋಜನೆ ಇದೆ ಅಂತ ಹೇಳಿ. ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ಸಿಕ್ಕರೆ ಉಳಿಯುವ ಜೀವಗಳು ಬಹಳ, ಹಾಗಾಗಿ ನಿಮ್ಮ ಪಂಚಾಯಿತಿ ಗೋಡೆ ಮೇಲೆ, ಬಸ್ ತಂಗುದಾಣದಲ್ಲಿ, ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಈ ಮೂರು ನಂಬರ್ ದೊಡ್ಡದಾಗಿ ಬರೆಸಿ.